ಮನೆ ಸ್ಟುಡಿಯೋಗೆ 40 ವ್ಯಾಟ್ ಆಂಪ್ ಯಾಕ್ರೀ ಬೇಕು?

ಪ್ರಶ್ನೆ: ಸರ್, ಬೆಂಗಳೂರು ಗಿರಿನಗರದಲ್ಲಿ ಬಾಡಿಗೆ ಮನೆ, ಎರಡನೇ ಮಹಡಿ, ಕೆಳಗಡೆ ಓನರ್ ಇದಾರೆ. 10 ಅಡಿ 11 ಅಡಿ ರೂಮಲ್ಲಿ ಸಣ್ಣ ಸ್ಟುಡಿಯೋ ಮಾಡ್ಕೊಂಡಿದೀನಿ. ಭಾವಗೀತೆ ಆಲ್ಬಂಗಳಿಗೆ ಗಿಟಾರ್ ನುಡಿಸ್ತೀನಿ, ಜಿಂಗಲ್ ಮಾಡ್ತೀನಿ, ನಮ್ದೇ ಒಂದು ರಾಕ್ ಬ್ಯಾಂಡೂ ಇದೆ. ಎಲೆಕ್ಟ್ರಿಕ್ ಗಿಟಾರು, ಟೆಲಿಕಾಸ್ಟರ್ ಮಾಡೆಲ್ಲು. ಇಷ್ಟು ದಿನ ಪ್ಲಗಿನ್‌ನಲ್ಲೇ (ಕಂಪ್ಯೂಟರಲ್ಲಿ ಆಂಪಿನ ಥರ ಸೌಂಡ್ ಮಾಡೋ ಸಾಫ್ಟ್‌ವೇರ್) ಕಾಲ ಹಾಕ್ದೆ, ಈಗ ಎಲ್ಲಾ ಥರದ ರೆಕಾರ್ಡಿಂಗಿಗೂ ಆಗೋ ಒಂದು ಆಂಪ್ (ಗಿಟಾರಿನ ಸೌಂಡ್ ಜೋರು ಮಾಡೋ ಪೆಟ್ಟಿಗೆ) ತಗೋಬೇಕು ಅಂತಿದೀನಿ. ಪರಿಚಯದವರೊಬ್ರು 3 ಚಾನೆಲ್ಲಿನ 40 ವ್ಯಾಟ್ ಟ್ಯೂಬ್ ಕಾಂಬೋ (ಗಾಜಿನ ವಾಲ್ವಲ್ಲಿ ಓಡೋ, ಆಂಪು ಸ್ಪೀಕರು ಒಂದೇ ಪೆಟ್ಟಿಗೇಲಿರೋದು) ಸೆಕೆಂಡ್ ಹ್ಯಾಂಡಲ್ಲಿ ಕೊಡ್ತೀನಿ ಅಂತಿದಾರೆ. ತಗೊಳ್ಲಾ? ಮನೇಲಿರೋ ಹಳೇ 10 ವ್ಯಾಟ್ ಪ್ರಾಕ್ಟೀಸ್ ಆಂಪನ್ನ ಮಾರಿಬಿಡ್ಲಾ?

ಉತ್ತರ:

ತಗೋಬೇಡಿ. ಆ ಆಂಪ್ ಕೆಟ್ಟದು ಅಂತಲ್ಲ, ಸ್ಟೇಜಿಗೆ ಅದು ಭೇಷಾಗೇ ಇರಬಹುದು, ಆದ್ರೆ ನಿಮ್ಮ ರೂಮಿಗೂ ಅದಕ್ಕೂ ಜಾತಕ ಕೂಡಲ್ಲ.

ಮೊದಲು ಈ "ಎಲ್ಲಾದಕ್ಕೂ ಆಗೋ ಆಂಪ್" ಅನ್ನೋ ಮಾತು ನೋಡೋಣ. ಅಂಗಡಿಗೆ ಹೋದ್ರೆ ಇದಕ್ಕೆ ಅರ್ಥ ಜಾಸ್ತಿ ಚಾನೆಲ್ಲು, ಜಾಸ್ತಿ ನಾಬು, ಒಂದು ಫುಟ್‌ಸ್ವಿಚ್ಚು. ಯಾಕೆ 3 ಚಾನೆಲ್ ಇರುತ್ತೆ ಹೇಳಿ? ಹಾಡಿನ ಮಧ್ಯದಲ್ಲಿ ಕೈ ಬಿಡೋಕಾಗಲ್ಲ, ಪಲ್ಲವಿಗೆ ಕ್ಲೀನು, ಸೋಲೋಗೆ ಡಿಸ್ಟಾರ್ಷನ್ನು ಅಂದ್ರೆ ಒಡೆದ ಸೌಂಡು, ಕಾಲಲ್ಲೇ ಬದಲಾಯಿಸ್ಬೇಕು, ಅದಕ್ಕೆ. ರೆಕಾರ್ಡಿಂಗಲ್ಲಿ ಆ ಅವಸರವೇ ಇಲ್ವಲ್ಲ. ಕ್ಲೀನ್ ಭಾಗ ತಗೊಂಡ್ರಿ, ನಿಲ್ಲಿಸಿದ್ರಿ, ಒಂದು ಕಾಫಿ ಕುಡಿದ್ರಿ, ನಾಬು ತಿರುಗಿಸಿದ್ರಿ, ಮುಂದಿನ ಟ್ರ್ಯಾಕು. ಸ್ಟುಡಿಯೋದಲ್ಲಿ ಎಲ್ಲಾದಕ್ಕೂ ಆಗೋದು ಅಂದ್ರೆ ಬೇರೆ. ಕ್ಲೀನ್ ಸೌಂಡು ಒಂದೇ ಆದ್ರೂ ಅದು ನಿಜವಾಗ್ಲೂ ಚೆನ್ನಾಗಿರ್ಬೇಕು, ಮುಂದೆ ಯಾವ ಪೆಡಲ್ (ಕಾಲಲ್ಲಿ ಒತ್ತಿ ಸೌಂಡ್ ಬದಲಾಯಿಸೋ ಡಬ್ಬಿ) ಇಟ್ರೂ ಮುನಿಸಿಕೊಳ್ಬಾರ್ದು, ಗಿಟಾರಿನ ವಾಲ್ಯೂಮ್ ನಾಬನ್ನ 10ರಿಂದ 6ಕ್ಕೆ ಇಳಿಸಿದ್ರೆ ಸೌಂಡಿನ ಸ್ವಭಾವವೇ ಬದಲಾಗ್ಬೇಕು. ಅಂಥ ಒಂದು ಚಾನೆಲ್ ಇದ್ರೆ ಉಳಿದ ಬಣ್ಣ ಎಲ್ಲಾ ಪೆಡಲ್ಲು, ಮೈಕು, ಸ್ಪೀಕರ್ ಕೊಡುತ್ತೆ. 3 ಚಾನೆಲ್ಲಿನ ಆಂಪ್‌ಗಳಲ್ಲಿ ಎಷ್ಟೋ ಸಲ ಒಂದು ಚಾನೆಲ್ ಚೆನ್ನಾಗಿರುತ್ತೆ, ಇನ್ನೆರಡು ಊಟಕ್ಕಿಲ್ಲದ ಉಪ್ಪಿನಕಾಯಿ.

ಈಗ ವ್ಯಾಟ್ ವಿಷ್ಯಕ್ಕೆ ಬರ್ತೀನಿ, ಇಲ್ಲಿ ಬಹಳ ಜನ ಎಡವ್ತಾರೆ. 40 ಜಾಸ್ತಿ ಆಯ್ತು, 15 ತಗೊಂಡ್ರೆ ಮನೇಲಿ ಆರಾಮಾಗಿ ನುಡಿಸಬಹುದು ಅನ್ಕೋತಾರೆ. ಇಲ್ಲ ಸ್ವಾಮಿ. ಸೆಲೆಷನ್ ವಿಂಟೇಜ್ 30 ಅನ್ನೋ 12 ಇಂಚಿನ ಗಿಟಾರ್ ಸ್ಪೀಕರ್ ಇದೆಯಲ್ಲ, ಅದರ ಸೆನ್ಸಿಟಿವಿಟಿ 100 ಡಿಬಿ. ಅಂದ್ರೆ ಬರೀ 1 ವ್ಯಾಟ್ ಕೊಟ್ರೆ 1 ಮೀಟರ್ ದೂರದಲ್ಲಿ 100 ಡಿಬಿ ಬರುತ್ತೆ. 1 ವ್ಯಾಟಿಗೆ! 15 ವ್ಯಾಟ್ ಕೊಟ್ರೆ ಸುಮಾರು 112, 40 ಕೊಟ್ರೆ 116. ವ್ಯತ್ಯಾಸ ಬರೀ 4 ಡಿಬಿ ನೋಡಿ. ಕಿವಿಗೆ ಎರಡರಷ್ಟು ಜೋರು ಅನ್ನಿಸ್ಬೇಕಾದ್ರೆ ಪವರ್ ಸುಮಾರು ಹತ್ತರಷ್ಟಾಗ್ಬೇಕು, ಹಂಗಾಗಿ 40ರ ಬದಲು 15 ತಂದ್ರೆ ಕೆಳಗಿನ ಓನರಿಗೆ ಏನೂ ಪುಣ್ಯ ಬರಲ್ಲ. ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಇಟ್ಟಿರೋ ಮಿತಿ ಹಗಲು 55 ಡಿಬಿ, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45. ನಿಮ್ಮ ಗೋಡೆ ಎಷ್ಟು ದಪ್ಪ ಇದ್ರೂ ಈ ಲೆಕ್ಕ ತಾಳೆ ಆಗಲ್ಲ ಬಿಡಿ.

ಹಂಗಾದ್ರೆ ಸಣ್ಣ ಆಂಪ್ ಯಾಕೆ? ಟ್ಯೂಬ್ ಆಂಪ್ ತಿರುಗಿಸ್ತಾ ಹೋದ ಹಾಗೆ ಒಂದು ಕಡೆ ಕ್ಲೀನ್ ಹೋಗಿ ಅಂಚು ಒಡೆಯೋಕೆ ಶುರುವಾಗುತ್ತಲ್ಲ, ನಾವು ಬ್ರೇಕಪ್ ಅಂತೀವಲ್ಲ, ರೆಕಾರ್ಡಿಂಗಲ್ಲಿ ಬಂಗಾರ ಇರೋದೇ ಆ ಜಾಗದಲ್ಲಿ. 40 ವ್ಯಾಟಿನದ್ದು ಆ ಜಾಗಕ್ಕೆ ಬರೋಷ್ಟರಲ್ಲಿ ಕಿಟಕಿ ಗಾಜು ಅದುರ್ತಿರುತ್ತೆ, ನೀವು ಭಯಕ್ಕೆ 2ರ ಮೇಲೆ ತಿರುಗಿಸೋದೇ ಇಲ್ಲ, ವರ್ಷಗಟ್ಟಲೆ ನಿದ್ದೆ ಮಾಡ್ತಿರೋ ಆಂಪನ್ನೇ ರೆಕಾರ್ಡ್ ಮಾಡ್ತೀರ. 12ರಿಂದ 22 ವ್ಯಾಟಿನ ಒಳಗಿದ್ರೆ ಆ ಜಾಗ ಬೇಗ ಸಿಗುತ್ತೆ, ಉಳಿದ ಸೌಂಡನ್ನ ಕಡಿಮೆ ಮಾಡೋ ಉಪಾಯಾನೂ ಸುಲಭ ಆಗುತ್ತೆ. ಜೊತೆಗೆ ತೂಕ. ನಿಮ್ಮದು ಎರಡನೇ ಮಹಡಿ, ಲಿಫ್ಟ್ ಇರೋ ಹಾಗಿಲ್ಲ, 20 ಕೆಜಿ ಹೊತ್ತು ಹತ್ತೋದಕ್ಕೂ 30 ಕೆಜಿ ಹೊತ್ತು ಹತ್ತೋದಕ್ಕೂ ಇರೋ ವ್ಯತ್ಯಾಸ ನನ್ನ ಸೊಂಟಕ್ಕೆ ಗೊತ್ತು.

ಸೌಂಡ್ ಕಡಿಮೆ ಮಾಡೋ ಉಪಾಯ ಅಂದ್ನಲ್ಲ, ಅದು ಲೋಡ್ ಬಾಕ್ಸ್. ಆಂಪಿನ ಸ್ಪೀಕರ್ ವೈರನ್ನ ಸ್ಪೀಕರಿಗೆ ಬದಲು ಈ ಡಬ್ಬಿಗೆ ಹಾಕ್ತೀರ, ಪವರನ್ನೆಲ್ಲ ಅದು ನುಂಗಿಕೊಂಡು ಕಂಪ್ಯೂಟರಿಗೆ ಸೌಂಡ್ ಕಳಿಸೋ ಇಂಟರ್ಫೇಸಿಗೆ ಲೈನ್ ಸಿಗ್ನಲ್ ಕೊಡುತ್ತೆ, ಸ್ಪೀಕರ್ ಮತ್ತು ಮೈಕಿನ ಕೆಲಸಾನ ಕಂಪ್ಯೂಟರಲ್ಲಿ ಐಆರ್ ಅನ್ನೋ ಫೈಲ್ ಮಾಡುತ್ತೆ. ರಾತ್ರಿ 2 ಗಂಟೆಗೂ ಆಂಪನ್ನ ಪೂರ್ತಿ ತಿರುಗಿಸಿ ಹೆಡ್‌ಫೋನಲ್ಲಿ ನುಡಿಸಬಹುದು, ಓನರಿಗೆ ತಂತಿಯ ಟಿಂಗ್ ಟಿಂಗ್ ಬಿಟ್ರೆ ಏನೂ ಕೇಳಲ್ಲ. ತಗೊಳ್ಳೋವಾಗ ರಿಯಾಕ್ಟಿವ್ ಲೋಡ್ ಅಂತ ಕೇಳಿ ತಗೊಳ್ಳಿ. ಬರೀ ರೆಸಿಸ್ಟರ್ ಇರೋದು ಅಗ್ಗ, ಆದ್ರೆ ನಿಜವಾದ ಸ್ಪೀಕರಿನ ಇಂಪೀಡೆನ್ಸ್ (ಓಮಲ್ಲಿ ಅಳೆಯೋ ತಡೆ) ಫ್ರೀಕ್ವೆನ್ಸಿ ಬದಲಾದ ಹಾಗೆ ಏರಿಳಿಯುತ್ತೆ, ರೆಸಿಸ್ಟರಿನದ್ದು ಏರಿಳಿಯಲ್ಲ, ಹಂಗಾಗಿ ಬೆರಳಿಗೆ ಆಂಪ್ ಸತ್ತಹಾಗೆ ಅನ್ನಿಸುತ್ತೆ. ಓಮ್ ಹೊಂದಿಕೆ ನೋಡ್ಕೊಳ್ಳಿ, 8 ಓಮ್ ಆಂಪಿಗೆ 8 ಓಮ್ ಲೋಡು. ಇನ್ನೊಂದು ಮಾತು, ಇದನ್ನ ಗೋಡೆ ಮೇಲೆ ಬರೆದಿಟ್ಕೊಳ್ಳಿ ಬೇಕಾದ್ರೆ: ಟ್ಯೂಬ್ ಆಂಪನ್ನ ಸ್ಪೀಕರೂ ಇಲ್ದೆ ಲೋಡೂ ಇಲ್ದೆ ಯಾವತ್ತೂ ಆನ್ ಮಾಡಿ ನುಡಿಸ್ಬಾರ್ದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಹೆಸರು ಹೇಳಿ ಅಂತೀರ. ಸರಿ, ಹೇಳ್ತೀನಿ.

ಫೆಂಡರ್ ಡಿಲಕ್ಸ್ ರಿವರ್ಬ್. 1963ರಲ್ಲಿ ಬಂದಿದ್ದು, 22 ವ್ಯಾಟು, 12 ಇಂಚಿನ ಒಂದು ಸ್ಪೀಕರು, ಎರಡು 6ವಿ6 ಪವರ್ ಟ್ಯೂಬು. ಪ್ರಪಂಚದ ಎಷ್ಟೋ ಸ್ಟುಡಿಯೋಗಳಲ್ಲಿ ಮೂಲೇಲಿ ಒಂದು ಇದ್ದೇ ಇರುತ್ತೆ. ಇದರ ಸೌಂಡಲ್ಲಿ ಮಿಡ್ (ಮಧ್ಯದ ಫ್ರೀಕ್ವೆನ್ಸಿ) ಸ್ವಲ್ಪ ತಗ್ಗಿರುತ್ತೆ, ಅಂದ್ರೆ ಗಾಯಕರ ದನಿ ಕೂರೋ ಜಾಗವನ್ನ ತಾನೇ ಖಾಲಿ ಬಿಟ್ಟಿರುತ್ತೆ. ಭಾವಗೀತೆಗೆ ಇದಕ್ಕಿಂತ ಸಭ್ಯ ಆಂಪ್ ನಾನು ನೋಡಿಲ್ಲ. ಬಾಸು, ಟ್ರೆಬಲ್ಲು ಅಷ್ಟೇ, ಮಿಡಲ್ ನಾಬೂ ಇಲ್ಲ, ಒಟ್ಟು ಸೌಂಡನ್ನ ಬೇರೆಯಾಗಿ ಇಳಿಸೋ ಮಾಸ್ಟರ್ ವಾಲ್ಯೂಮೂ ಇಲ್ಲ. ತೊಂದರೆ ಬೆಲೆ, ಹಳೇದರ ಹಾಗೇ ಈಗ ಮಾಡೋ ರಿಇಶ್ಯೂ ಹೊಸದು ನಮ್ಮಲ್ಲಿ ಲಕ್ಷ ದಾಟುತ್ತೆ. ಅಷ್ಟಾಗಲ್ಲ ಅಂದ್ರೆ ಅದೇ ಮನೆತನದ ಬ್ಲೂಸ್ ಜೂನಿಯರ್ ಇದೆ, 15 ವ್ಯಾಟು, ಮಾಸ್ಟರ್ ವಾಲ್ಯೂಮ್ ಇದೆ, ಸಣ್ಣ ಪೆಟ್ಟಿಗೆ ಆದ್ದರಿಂದ ಸ್ವಲ್ಪ ಡಬ್ಬಾ ಡಬ್ಬಾ ಅನ್ನಿಸಬಹುದು, ಮೈಕಿಗೆ ಅದು ಅಷ್ಟು ಗೊತ್ತಾಗಲ್ಲ.

ವಾಕ್ಸ್ ಎಸಿ15. 15 ವ್ಯಾಟು, ಎರಡು ಇಎಲ್84 ಪವರ್ ಟ್ಯೂಬು. ಇದರ ಅಣ್ಣ ಎಸಿ30, ಕ್ವೀನ್ ಬ್ಯಾಂಡಿನ ಗಿಟಾರಿಸ್ಟ್ ಬ್ರಯನ್ ಮೇ ನುಡಿಸೋದು ಅದರಲ್ಲೇ. ಗೆಜ್ಜೆ ಥರ ಕಿಣಿಕಿಣಿ ಅನ್ನುತ್ತೆ, ಸ್ವಲ್ಪ ತಿರುಗಿಸಿದ್ರೆ ಹಲ್ಲು ಬರುತ್ತೆ, ನಿಮ್ಮ ಬ್ಯಾಂಡಿನ ರಿದಮ್ಮಿಗೆ ಹೇಳಿಮಾಡಿಸಿದ್ದು. ಆದ್ರೆ ಟೆಲಿಕಾಸ್ಟರಿನ ಬ್ರಿಜ್ ಪಿಕಪ್ಪು (ತಂತಿಯ ಸೌಂಡ್ ಹಿಡಿಯೋದು) ಮೊದಲೇ ಚುರುಕು, ವಾಕ್ಸಿನ ಟಾಪ್ ಬೂಸ್ಟ್ ಚಾನೆಲ್ಲೂ ಚುರುಕು, ಎರಡೂ ಸೇರಿದ್ರೆ ಹಸಿಮೆಣಸಿನಕಾಯಿಗೆ ಒಗ್ಗರಣೇಲೂ ಹಸಿಮೆಣಸಿನಕಾಯಿ ಹಾಕಿದ ಹಾಗೆ. ಟೋನ್ ಕಟ್ ಅಂತ ಒಂದು ನಾಬ್ ಇದೆ, ಅದು ಉಲ್ಟಾ ಕೆಲಸ ಮಾಡುತ್ತೆ, ಮುಂದಕ್ಕೆ ತಿರುಗಿಸಿದಷ್ಟೂ ಟ್ರೆಬಲ್ ಕಡಿಮೆ. ಇದು ಗೊತ್ತಿಲ್ದೆ "ವಾಕ್ಸ್ ಕಿವಿ ಚುಚ್ಚುತ್ತೆ" ಅಂತ ಮಾರಿದೋರನ್ನ ನೋಡಿದೀನಿ.

ಮಾರ್ಷಲ್ ಆಂಪಿನ ಥರದ ಜೋರು ರಾಕ್ ಸೌಂಡು ನಿಮಗೆ ದಿನಾ ಬೇಕಾಗಲ್ಲ ಅನ್ಸುತ್ತೆ. ಬೇಕಾದಾಗ ಡಿಲಕ್ಸಿನ ಮುಂದೆ ಒಂದು ಓವರ್‌ಡ್ರೈವ್ ಪೆಡಲ್ ಇಟ್ರೆ ಮುಕ್ಕಾಲು ದಾರಿ ಸಾಗಿದ ಹಾಗೆ. ರೋಲ್ಯಾಂಡ್ ಜೆಸಿ-120 ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಜ್ಯಾಮ್ ರೂಮ್‌ಗಳಲ್ಲಿ ನೋಡಿರ್ತೀರ. 1975ರಿಂದ ಇರೋ ಟ್ರಾನ್ಸಿಸ್ಟರ್ ಆಂಪು, ಎರಡು 12 ಇಂಚಿನ ಸ್ಪೀಕರಲ್ಲಿ ಸ್ಟೀರಿಯೋ ಕೋರಸ್ಸು, ಕ್ಲೀನಿಗೆ ಅದರ ಮುಂದೆ ಯಾರೂ ಇಲ್ಲ, ಆದ್ರೆ ಅದರ ಡಿಸ್ಟಾರ್ಷನ್ ನಾಬನ್ನ ಮುಟ್ಟದೇ ಇರೋದೇ ಒಳ್ಳೇದು. ನಿಮ್ಮ ರೂಮಿಗೆ ತಂದ್ರೆ ನೀವು ಹೊರಗೆ ಮಲಗ್ಬೇಕು.

ನನ್ನನ್ನ ಕೇಳಿದ್ರೆ ನಿಮಗೆ ಡಿಲಕ್ಸ್ ರಿವರ್ಬ್, ಸೆಕೆಂಡ್ ಹ್ಯಾಂಡ್ ಆದ್ರೂ ಪರ್ವಾಗಿಲ್ಲ. ಅದು ಆಗಲ್ಲ ಅಂದ್ರೆ ಎಸಿ15, ಮಿಕ್ಕ ದುಡ್ಡಲ್ಲಿ ಲೋಡ್ ಬಾಕ್ಸ್. ಮೂರನೇ ಹೆಸರು ಹೇಳಲ್ಲ, ಹೇಳಿದ್ರೆ ನೀವು ಇನ್ನಾರು ತಿಂಗಳು ವಿಡಿಯೋ ನೋಡ್ತಾ ಕೂರ್ತೀರ.

ಆಂಪಿಗಿಂತ ದೊಡ್ಡ ವಿಷ್ಯ ಒಂದಿದೆ, ಅದನ್ನ ಹೇಳದೇ ಇದ್ರೆ ಈ ಉತ್ತರ ಅರ್ಧ. ಸುಮಾರು ವರ್ಷದ ಹಿಂದೆ ಮಲ್ಲೇಶ್ವರದಲ್ಲಿ ಒಂದು ಗ್ಯಾರೇಜನ್ನೇ ಸ್ಟುಡಿಯೋ ಮಾಡ್ಕೊಂಡಿದ್ವಿ, ಅಲ್ಲಿ ಭಾವಗೀತೆ ರೆಕಾರ್ಡಿಂಗು. ಕೊಳಲು ಮೊದಲೇ ತಗೊಂಡಾಗಿತ್ತು, ಗಿಟಾರ್ ಅದರ ಮೇಲೆ ಕೂರ್ಸಬೇಕು. ಎಷ್ಟು ಮಾಡಿದ್ರೂ ಎರಡೂ ಒಂದೇ ಜಾಗಕ್ಕೆ ಕಿತ್ತಾಡ್ತಿದ್ವು. ಟ್ರೆಬಲ್ ಇಳಿಸಿದ್ವಿ, ಗಿಟಾರ್ ಮಂಕಾಯ್ತು, ಬಾಸ್ ಇಳಿಸಿದ್ವಿ, ತಂತಿ ಬರೀ ಕೀರಲು. ಒಂದೂವರೆ ಗಂಟೆ ಹೋಯ್ತು, ಸಂಗೀತ ನಿರ್ದೇಶಕರು ಗಡಿಯಾರ ನೋಡೋಕೆ ಶುರು ಮಾಡಿದ್ರು. ಕೊನೆಗೆ ನಾನು ನಾಬು ಬಿಟ್ಟು ಮೈಕ್ ಹತ್ರ ಹೋಗಿ ಅದನ್ನ ಸ್ಪೀಕರಿನ ಮಧ್ಯದಿಂದ ಪಕ್ಕಕ್ಕೆ ಎರಡು ಬೆರಳು ಸರಿಸಿದೆ, ಅಷ್ಟೇ. ಕೊಳಲು ಮೇಲೆ ಬಂತು, ಗಿಟಾರ್ ಕೆಳಗೆ ಮೆತ್ತಗೆ ಹಾಸಿಕೊಂಡ ಹಾಗಾಯ್ತು. ಆಮೇಲೆ ಯಾವ ನಾಬೂ ಮುಟ್ಟಿಲ್ಲ.

ಸ್ಪೀಕರಿನ ಮಧ್ಯೆ ಗುಂಡಗೆ ಉಬ್ಬಿರೋ ಟೋಪಿ ಥರದ್ದು ಇರುತ್ತಲ್ಲ, ಅದರ ಎದುರಿಗೆ ಇಟ್ರೆ ಸೌಂಡು ಚುರುಕು, ಅದರ ಅಂಚಿಗೆ ಬಂದ್ರೆ ಹದ, ಕಾಗದದ ಕೋನಿನ ಮೇಲೆ ಹೊರಗೆ ಹೋದಷ್ಟೂ ಮಂದ. ಬಟ್ಟೆ ಹೊದ್ದಿಸಿರೋದ್ರಿಂದ ಹೊರಗೆ ಮಧ್ಯ ಎಲ್ಲಿ ಅಂತ ಕಾಣಲ್ಲ, ಮೊಬೈಲ್ ಟಾರ್ಚನ್ನ ಬಟ್ಟೆಗೆ ಒತ್ತಿ ಹಿಡೀರಿ, ಒಳಗಿನ ಟೋಪಿ ಕಾಣುತ್ತೆ, ಅಲ್ಲೊಂದು ಚೂರು ಪೇಪರ್ ಟೇಪ್ ಅಂಟಿಸಿ. ಮೈಕು ಶೂರ್ ಎಸ್‌ಎಂ57 ಸಾಕು, 1965ರಿಂದ ಇದೇ ಕೆಲಸ ಮಾಡ್ಕೊಂಡು ಬಂದಿದೆ, ಬಟ್ಟೆಯಿಂದ ಎರಡು ಮೂರು ಸೆಂಟಿಮೀಟರ್ ದೂರ. ಅಂಚಿನಿಂದ ಶುರು ಮಾಡಿ, ಒಬ್ಬರು ನುಡಿಸ್ತಾ ಇರ್ಲಿ, ಇನ್ನೊಬ್ಬರು ಹೆಡ್‌ಫೋನ್ ಹಾಕ್ಕೊಂಡು ಮೈಕನ್ನ ಬೆರಳಷ್ಟು ಬೆರಳಷ್ಟು ಸರಿಸ್ಲಿ. ಎರಡನೇ ಮೈಕ್ ಬೇಡ ಸದ್ಯಕ್ಕೆ. ಶಬ್ದ 1 ಮಿಲಿಸೆಕೆಂಡಲ್ಲಿ ಸುಮಾರು 34 ಸೆಂಟಿಮೀಟರ್ ಹೋಗುತ್ತೆ, ಒಂದು ಮೈಕ್ ಹತ್ರ ಇನ್ನೊಂದು ಸ್ವಲ್ಪ ಹಿಂದೆ ಇಟ್ರೆ ಆ ಚೂರು ತಡಕ್ಕೇ ಫೇಸ್ ಕೆಟ್ಟು, ಅಂದ್ರೆ ಎರಡು ಮೈಕಿನ ಅಲೆ ಒಂದನ್ನೊಂದು ಅಳಿಸಿ, ಗಿಟಾರ್ ಟೊಳ್ಳಾಗುತ್ತೆ, ಆ ತಲೆನೋವು ಆಮೇಲೆ ಕಲಿಯೋಣ.

ಮತ್ತೆ, ಯಾವಾಗ ಆಂಪ್ ರೆಕಾರ್ಡ್ ಮಾಡಿದ್ರೂ ಡಿಐ ಬಾಕ್ಸಿಂದ (ಗಿಟಾರನ್ನ ಸೀದಾ ಇಂಟರ್ಫೇಸಿಗೆ ಸೇರಿಸೋ ಡಬ್ಬಿ) ಗಿಟಾರಿನ ಬರೀ ಸಿಗ್ನಲ್ಲನ್ನೂ ಪಕ್ಕದ ಟ್ರ್ಯಾಕಲ್ಲಿ ತಗೊಂಡಿಟ್ಕೊಳ್ಳಿ. ಜಿಂಗಲ್ ಮಾಡೋರು ನೀವು, ಕ್ಲೈಂಟು ಗುರುವಾರ "ಸೂಪರ್" ಅಂದು ಶನಿವಾರ "ಸ್ವಲ್ಪ ಮಾಡರ್ನ್ ಬೇಕು" ಅಂತಾರೆ, ಆಗ ಮತ್ತೆ ನುಡಿಸೋದು ಬೇಡ, ಆ ಡಿಐ ಟ್ರ್ಯಾಕನ್ನ ರಿಆಂಪ್ ಬಾಕ್ಸ್ ಮೂಲಕ ಆಂಪಿಗೆ ವಾಪಸ್ ಕಳಿಸಿ, ಇಲ್ಲಾಂದ್ರೆ ನಿಮ್ಮ ಹಳೇ ಪ್ಲಗಿನ್ನಿಗೇ ಹಾಕಿ. ಪ್ಲಗಿನ್ನನ್ನ ನಾನೇನೂ ಬೈಯಲ್ಲ, ಅರ್ಜೆಂಟ್ ಜಿಂಗಲ್ಲಿಗೆ ನಾನೂ ಅದನ್ನೇ ಬಳಸ್ತೀನಿ, ಕೇಳೋರಿಗೆ ವ್ಯತ್ಯಾಸ ಗೊತ್ತಾಗಲ್ಲ. ನುಡಿಸೋರಿಗೆ ಮಾತ್ರ ಗೊತ್ತಾಗೋದು, ಗೊತ್ತಾದ್ರೆ ಬೇರೆ ಥರ ನುಡಿಸ್ತಾರೆ, ಆಂಪಿಗೆ ಕೊಡೋ ದುಡ್ಡು ಅದಕ್ಕೇ.

ಕರೆಂಟಿನ ಕಥೆ. ನಮ್ಮ ಭಾವ ಅಮೆರಿಕದಿಂದ ಬರೋವಾಗ ಒಂದು ಪುಟ್ಟ ಟ್ಯೂಬ್ ಆಂಪ್ ತಂದುಕೊಟ್ರು. ಖುಷೀಲಿ ಹಿಂದೆ ಬರೆದಿದ್ದ 120 ವೋಲ್ಟ್ ನೋಡ್ಲೇ ಇಲ್ಲ, ಪಿನ್ನಿಗೊಂದು ಕನ್ವರ್ಟರ್ ಸಿಕ್ಕಿಸಿ ಸೀದಾ ನಮ್ಮ 230ಕ್ಕೆ ಚುಚ್ಚಿದೆ. ಠಪ್ ಅಂತ ಫ್ಯೂಸ್ ಹೋಯ್ತು. ಅಲ್ಲಿಗೆ ನಿಲ್ಲಿಸಿದ್ರೆ ಬುದ್ಧಿವಂತ, ನಾನು ಫ್ಯೂಸ್ ವೀಕಿತ್ತೇನೋ ಅಂತ ಅದಕ್ಕಿಂತ ದಪ್ಪದ್ದು ಹಾಕಿ ಮತ್ತೆ ಆನ್ ಮಾಡಿದೆ. ಹಿಂದಿನಿಂದ ಸುಟ್ಟ ವಾರ್ನಿಷ್ ವಾಸನೆ, ಆಮೇಲೆ ತೆಳ್ಳಗೆ ಹೊಗೆ. ಪವರ್ ಟ್ರಾನ್ಸ್‌ಫಾರ್ಮರ್ ಹೋಗಿತ್ತು. ಎಸ್.ಪಿ. ರೋಡ್ ಹತ್ರ ಟ್ರಾನ್ಸ್‌ಫಾರ್ಮರ್ ಸುತ್ತೋರೊಬ್ರ ಕೈಲಿ 230ಕ್ಕೇ ಸುತ್ತಿಸಿದೆ, ಅದೇ ಆಂಪ್ ಇವತ್ತೂ ನಡೀತಿದೆ, ಭಾವಂಗೆ ಮಾತ್ರ ಈ ವಿಷ್ಯ ಇನ್ನೂ ಗೊತ್ತಿಲ್ಲ. ಹಂಗಾಗಿ ಸೆಕೆಂಡ್ ಹ್ಯಾಂಡ್ ನೋಡೋಕೆ ಹೋದಾಗ ಮೊದಲು ಆಂಪಿನ ಬೆನ್ನು ನೋಡಿ. 120 ಅಂತಿದ್ರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು, ಅದೂ ಆಂಪಿಗೆ ಬೇಕಾದ್ದಕ್ಕಿಂತ ಧಾರಾಳವಾದ ಕೆಪ್ಯಾಸಿಟಿದು. ಅದು ವೋಲ್ಟೇಜ್ ಇಳಿಸುತ್ತೆ ಹೊರತು ನಮ್ಮ 50 ಹರ್ಟ್ಸನ್ನ ಅವರ 60 ಮಾಡಲ್ಲ, ಬರೀ 60ಕ್ಕೆ ಅಂತಲೇ ಮಾಡಿರೋ ಟ್ರಾನ್ಸ್‌ಫಾರ್ಮರ್ ಇಲ್ಲಿ ಜಾಸ್ತಿ ಬಿಸಿ ಆಗುತ್ತೆ.

ಟೆಲಿಕಾಸ್ಟರ್ ಸಿಂಗಲ್ ಕಾಯಿಲ್ ಗಿಟಾರು, ಸುತ್ತ ಇರೋ ಗುಂಯ್ ಅನ್ನೋದನ್ನೆಲ್ಲ ಎಳ್ಕೊಳ್ಳುತ್ತೆ. ರೂಮಲ್ಲಿ ತಿರುಗಿಸೋ ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್ ಇದ್ಯಾ ನೋಡಿ, 2ರಲ್ಲೋ 3ರಲ್ಲೋ ಫ್ಯಾನ್ ಓಡ್ತಿದ್ರೆ ಆಂಪಲ್ಲಿ ಜೇನುಗೂಡು ಇಟ್ಟ ಹಾಗೆ ಬರುತ್ತೆ, ಜನ ಆಂಪೇ ಕೆಟ್ಟಿದೆ ಅಂತ ರಿಪೇರಿಗೆ ಹೊತ್ಕೊಂಡು ಬರ್ತಾರೆ. ಟೇಕ್ ತಗೊಳ್ಳೋವಾಗ ಫ್ಯಾನ್ ಆಫ್ ಮಾಡಿ, ಅಥವಾ ಪೂರ್ತಿ ಸ್ಪೀಡಿಗೆ ಹಾಕಿ. ಕರೆಂಟ್ ಹೋಗಿ ಅಗ್ಗದ ಇನ್ವರ್ಟರಲ್ಲಿ ಓಡ್ತಿರೋವಾಗ ರೆಕಾರ್ಡ್ ಮಾಡ್ಬೇಡಿ, ಅದರ ಚೌಕ ಅಲೆಯ ಕೊರಕೊರ ಟ್ರ್ಯಾಕಿಗೆ ಬರುತ್ತೆ. ಅರ್ತಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ಒಂದ್ಸಲ ನೋಡಿಸಿ, ಗುಂಯ್ ಬರುತ್ತೆ ಅಂತ ಪ್ಲಗ್ಗಿನ ಅರ್ತ್ ಪಿನ್ ತೆಗೆಯೋ ಸಾಹಸ ಮಾತ್ರ ಬೇಡ, ತಂತಿ ಹಿಡಿದಿರೋದು ನಿಮ್ಮ ಕೈ.

ಟ್ಯೂಬ್ ಎಲ್ಲಿ ಸಿಗುತ್ತೆ ಅನ್ನೋ ಭಯ ಬೇಡ, ಈಗ ಸ್ಲೊವಾಕಿಯಾ, ರಷ್ಯಾ, ಚೀನಾದಲ್ಲಿ ತಯಾರಾಗಿದ್ದು ಆನ್‌ಲೈನಲ್ಲೇ ಬರುತ್ತೆ, ಒಂದು ಸೆಟ್ ಜಾಸ್ತಿ ಇಟ್ಕೊಂಡಿರಿ. ತಮಾಷೆ ಏನಂದ್ರೆ ಒಂದು ಕಾಲದಲ್ಲಿ ಈ ವಾಲ್ವುಗಳು ನಮ್ಮೂರಲ್ಲೇ ಆಗ್ತಿದ್ವು. ಜಾಲಹಳ್ಳಿಯ ಬಿಇಎಲ್ 1960ರ ದಶಕದಲ್ಲಿ ರೇಡಿಯೋಗೆ ಅಂತ ರಿಸೀವಿಂಗ್ ವಾಲ್ವ್ ತಯಾರಿಸ್ತಿತ್ತು, ನಮ್ಮಜ್ಜನ ಕಾಲದ ರೇಡಿಯೋ ಬಿಚ್ಚಿದ್ರೆ ಅವು ಸಿಗ್ತಿದ್ವು. ಈಗಲೂ ಭಾನುವಾರದ ಬಜಾರಲ್ಲಿ ಹಳೇ ರೇಡಿಯೋ ಕಂಡ್ರೆ ನಾನು ಹಿಂದಿನ ರಟ್ಟು ಬಿಚ್ಚಿ ನೋಡದೇ ಬರಲ್ಲ.

ಸೆಕೆಂಡ್ ಹ್ಯಾಂಡ್ ನೋಡೋಕೆ ಹೋಗೋವಾಗ ನಿಮ್ಮದೇ ಗಿಟಾರು ನಿಮ್ಮದೇ ಕೇಬಲ್ ತಗೊಂಡ್ಹೋಗಿ. ಆನ್ ಮಾಡಿ ಕನಿಷ್ಠ 20 ನಿಮಿಷ ನುಡಿಸಿ, ಕೆಲವು ರೋಗ ಬಿಸಿ ಆದ್ಮೇಲೇ ಕಾಣೋದು. ಎಲ್ಲಾ ನಾಬನ್ನೂ ತಿರುಗಿಸಿ, ಸ್ವಲ್ಪ ಕರಕರ ಅಂದ್ರೆ ಪರ್ವಾಗಿಲ್ಲ, ಕ್ಲೀನರ್ ಹೊಡೆದ್ರೆ ಹೋಗುತ್ತೆ, ಬೆಲೆ ಇಳಿಸೋಕೆ ಒಂದು ನೆಪ ಆಯ್ತು. ಹಿಂದಿನಿಂದ ಸಣ್ಣ ಟ್ಯೂಬಿನ ಮೇಲೆ ಪೆನ್ಸಿಲಲ್ಲಿ ಮೆಲ್ಲಗೆ ತಟ್ಟಿ, ಸ್ಪೀಕರಲ್ಲಿ ಗಂಟೆ ಹೊಡೆದ ಹಾಗೆ ಜೋರಾಗಿ ಬಂದ್ರೆ ಆ ಟ್ಯೂಬು ಬದಲಾಯಿಸ್ಬೇಕು. ಸ್ಪೀಕರ್ ಕೋನ್ ಹರಿದಿದ್ಯಾ ನೋಡಿ. ಕುತೂಹಲಕ್ಕೆ ಛಾಸಿ (ಒಳಗಿನ ತಗಡಿನ ಪೆಟ್ಟಿಗೆ) ಮಾತ್ರ ಬಿಚ್ಚಬೇಡಿ, ಪ್ಲಗ್ ತೆಗೆದ್ಮೇಲೂ ಒಳಗಿನ ಕೆಪಾಸಿಟರಲ್ಲಿ ನೂರಾರು ವೋಲ್ಟ್ ಕೂತಿರಬಹುದು.

ಇನ್ನು ನಿಮ್ಮ ಕೊನೇ ಪ್ರಶ್ನೆ, ಹಳೇ 10 ವ್ಯಾಟಿನದ್ದು. ಮಾರಬೇಡ್ರೀ! ಬ್ರಯನ್ ಮೇ ಎಸಿ30 ನುಡಿಸ್ತಾರೆ ಅಂದ್ನಲ್ಲ, ಕ್ವೀನ್ ರೆಕಾರ್ಡಿಂಗುಗಳಲ್ಲಿ ಪಿಟೀಲು ಕೊಳಲಿನ ಮೇಳದ ಹಾಗೆ ಗಿಟಾರುಗಳು ಪದರ ಪದರವಾಗಿ ಬರುತ್ತಲ್ಲ, ಅಂಥದ್ದಕ್ಕೆ ಅವರು ಬಳಸಿದ್ದು ಇನ್ನೊಂದು ಆಂಪು. ಬ್ಯಾಂಡಿನ ಬಾಸಿಸ್ಟ್ ಜಾನ್ ಡೀಕನ್ ಎಲೆಕ್ಟ್ರಾನಿಕ್ಸ್ ಓದಿದೋರು, 1970ರ ದಶಕದ ಶುರುವಲ್ಲಿ ಲಂಡನ್ನಿನ ಕಸದ ತೊಟ್ಟೀಲಿ ಸಿಕ್ಕಿದ ಟ್ರಾನ್ಸಿಸ್ಟರ್ ಬೋರ್ಡನ್ನ ಹಳೇ ಶೆಲ್ಫ್ ಸ್ಪೀಕರಿನ ಪೆಟ್ಟಿಗೇಲಿ ಕೂರ್ಸಿ ಮಾಡಿದ್ದು, ಓಡೋದು 9 ವೋಲ್ಟ್ ಬ್ಯಾಟರೀಲಿ. ಮೈಕಿಗೆ ಆಂಪ್ ಎಷ್ಟು ದೊಡ್ಡದು ಅಂತ ಕಾಣಲ್ಲ, ಮುಂದಿರೋ ಸ್ಪೀಕರ್ ಏನು ಹೇಳ್ತಿದೆ ಅಷ್ಟೇ ಕೇಳೋದು. ನಿಮ್ಮ ಆ ಡಬ್ಬಿಯ 6 ಇಂಚೋ 8 ಇಂಚೋ ಸ್ಪೀಕರಿಂದ ಬಾಸ್ ಬರಲ್ಲ, ಬೇಡ, ತಬಲಾ ಇರೋ ಹಾಡಲ್ಲಿ ಅಲ್ಲಿ ಬಾಸ್ ಬೇಕಾಗೂ ಇಲ್ಲ. ಈ ಭಾನುವಾರ ಓನರ್ ಊರಿಗೆ ಹೋಗಿದ್ರೆ ಅದನ್ನ ಕುರ್ಚಿ ಮೇಲಿಟ್ಟು, ಟಾರ್ಚ್ ಹಿಡಿದು ಮಧ್ಯ ಗುರುತು ಮಾಡಿ, ಎಸ್‌ಎಂ57 ಇಟ್ಟು ಒಂದು ಟೇಕ್ ತಗೊಳ್ಳಿ. ಅದನ್ನ ನಿಮ್ಮ ಪ್ಲಗಿನ್ ಟ್ರ್ಯಾಕಿನ ಪಕ್ಕ ಹಾಕಿ, ಎರಡನ್ನೂ ಒಂದೇ ವಾಲ್ಯೂಮಿಗೆ ತಂದು ಕೇಳಿ, ಜೋರಾಗಿರೋದೇ ಚೆನ್ನಾಗಿದೆ ಅಂತ ಕಿವಿ ಮೋಸ ಮಾಡುತ್ತೆ. ಆಮೇಲೆ ಆ 40 ವ್ಯಾಟಿನವರಿಗೆ ಫೋನ್ ಮಾಡಿ ಬೇಡ ಅನ್ನಿ.